ಅಮ್ಮೋರು ಜೀಪು ಹತ್ತಲಿಲ್ಲ

ಕಡೂರಿನ ಡಾಕ್ಟರು ನನಗೆ ನಡೆಯಲು ಹೇಳಿದ್ದರೇ ಹೊರತು ಓಡಲು ಹೇಳಿರಲಿಲ್ಲ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಾನು ಅಲ್ಲಿನ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರು. ಎರಡನೆಯ ಹೆರಿಗೆಯಾದ ಮೇಲೆ ಮೈ ಬಂದಿತ್ತು. ಮಹಡಿ ಮೇಲಿನ ಕ್ಲಾಸಿಗೆ ಹತ್ತಿ ಹೋಗುವಷ್ಟರಲ್ಲಿ ಏದುಸಿರು ಬಂದು, ಹಾಜರಿ ಕೂಗುವ ನೆಪದಲ್ಲಿ ಕುರ್ಚಿಯಲ್ಲಿ ಕೂತು ಸುಧಾರಿಸಿಕೊಳ್ಳುತ್ತಿದ್ದೆ. ಡಾಕ್ಟರು ಕಿವಿಯಿಂದ ಸ್ಟೆತಾಸ್ಕೋಪು ತೆಗೆದು, "ಗುಂಡಿಗೆಗೆ ಏನೂ ಆಗಿಲ್ಲ ಮೇಡಂ. ಬೆಳಿಗ್ಗೆ ಎದ್ದು ಒಂದಷ್ಟು ದೂರ ನಡೀರಿ. ದೊಡ್ಡ ಮನೆ ಹೆಂಗಸ್ರೆಲ್ಲ ಚಿಕ್ಕಮಗಳೂರು ರಸ್ತೇಲಿ ವಾಕಿಂಗ್ ಹೋಗ್ತಾರಲ್ಲ, ಅವ್ರ ಜೊತೆ ಸೇರ್ಕೊಳ್ಳಿ" ಎಂದರು.

ಸೇರಿಕೊಂಡೆ. ಎಣ್ಣೆ ಮಿಲ್ಲಿನ ಸಾಹುಕಾರರ ಹೆಂಡತಿ, ಇಂಜಿನಿಯರ ಹೆಂಡತಿ, ಬ್ಯಾಂಕಿನ ಮ್ಯಾನೇಜರ ಹೆಂಡತಿ, ಎಲ್ಲರ ಮುಂದೆ ತಹಸೀಲ್ದಾರರ ಹೆಂಡತಿ. ಊರಿನವರ ಬಾಯಲ್ಲಿ ತಹಸೀಲ್ದಾರರು ಇನ್ನೂ ಅಮಲ್ದಾರರೇ ಆಗಿದ್ದರು, ಅವರ ಹೆಂಡತಿ ಎಲ್ಲರಿಗೂ 'ಅಮ್ಮೋರು'. ಆ ಗುಂಪು ಮಾಡುತ್ತಿದ್ದುದನ್ನು ನಡಿಗೆ ಎಂದರೆ ಕಾಲುಗಳಿಗೆ ಅವಮಾನ. ಹತ್ತು ಹೆಜ್ಜೆ ಹಾಕಿದರೆ ಒಂದು ಸಲ ನಿಲ್ಲಬೇಕು, ಯಾಕೆಂದರೆ ಒಳ್ಳೆಯ ಸುದ್ದಿಯನ್ನು ನಡೆಯುತ್ತಾ ಹೇಳಲು ಆಗುವುದಿಲ್ಲ. ಯಾರ ಮನೆಗೆ ಪ್ರೆಷರ್ ಕುಕ್ಕರ್ ಬಂತು, ಯಾರ ಸೊಸೆ ತೌರಿಗೆ ಹೋದವಳು ಬಂದಿಲ್ಲ, ಯಾರ ರೇಷ್ಮೆ ಸೀರೆ ನಿಜಕ್ಕೂ ಆರ್ಟ್ ಸಿಲ್ಕು. ಕತ್ತಲು ಹರಿದು, ತೆಂಗಿನ ತೋಟಗಳ ಮೇಲೆ ಬೆಳಕು ಬಿದ್ದು, ಇಷ್ಟು ದೊಡ್ಡ ಆಕಾಶ ಕೆಂಪಾಗಿ ತೆರೆದುಕೊಳ್ಳುತ್ತಿದ್ದರೆ ಒಬ್ಬರೂ ಕತ್ತೆತ್ತಿ ನೋಡಿದವರಲ್ಲ. ಊರಿನ ಕೊನೆಯ ಮನೆ ದಾಟುವಷ್ಟರಲ್ಲಿ ಅವರಿಗೆ ಸುಸ್ತಾಗುತ್ತಿತ್ತು, ನನಗೆ ತಲೆನೋವು ಬರುತ್ತಿತ್ತು.

ಒಂದು ಬೆಳಿಗ್ಗೆ ಅಮ್ಮೋರು ನನ್ನ ಪಕ್ಕಕ್ಕೆ ಬಂದರು. "ಅಲ್ರೀ ಮೇಡಂ, ನಿಮ್ಮೋರು ಇನ್ನೂ ಬೀರೂರು ಸ್ಟೇಷನ್ನಲ್ಲಿ ಕ್ಲಾರ್ಕೇನಾ? ಪ್ರಮೋಷನ್ ಕೊಟ್ಟೇ ಇಲ್ವಾ? ನಮ್ಮೋರ ಹತ್ರ ಒಂದು ಮಾತು ಹೇಳಿಸ್ಲಾ?"

ರೈಲ್ವೆಗೂ ತಹಸೀಲ್ದಾರರಿಗೂ ಏನೇನೂ ಸಂಬಂಧವಿಲ್ಲ ಎನ್ನುವುದು ಅವರಿಗೆ ಗೊತ್ತಿರಲಿಲ್ಲ. ಜಗತ್ತಿನಲ್ಲಿ ಇರುವುದೆಲ್ಲ ತನ್ನ ಗಂಡನ ತಾಲ್ಲೂಕು ಎಂದುಕೊಂಡಿದ್ದರು. ಮಿಲ್ಲಿನ ಸಾಹುಕಾರರ ಹೆಂಡತಿ ನನ್ನ ಉತ್ತರ ಕೇಳಲು ಕಿವಿಯ ಮೇಲಿನ ಸೆರಗು ಸರಿಸಿದಳು. ನನಗೆ ಎಲ್ಲಿತ್ತೋ ಸಿಟ್ಟು. ನೆರಿಗೆ ಹಿಡಿದುಕೊಂಡು ಓಡಿಬಿಟ್ಟೆ.

"ಏನ್ರೀ ಆಯ್ತು? ಹಾವಾ?" ಎಂದು ಹಿಂದಿನಿಂದ ಕೂಗು ಕೇಳಿಸಿತು. ತಿರುಗಿ ನೋಡಲಿಲ್ಲ. ಚಪ್ಪಲಿ ಕಾಲಿನಿಂದ ಕಳಚಿತು, ಅದನ್ನು ಕೈಗೆ ತೆಗೆದುಕೊಂಡು ಬರಿಗಾಲಿನಲ್ಲೇ ಓಡಿದೆ. ಪಕ್ಕೆ ಚುಚ್ಚಿತು, ಗಂಟಲು ಒಣಗಿತು, ಕಣ್ಣಿನಲ್ಲಿ ನೀರು ಬಂತು. ಇನ್ನೇನು ಕೂತುಬಿಡುತ್ತೇನೆ ಅನ್ನುವಾಗ ಉಸಿರು ತನ್ನಷ್ಟಕ್ಕೆ ತಾನೇ ಒಂದು ಹದಕ್ಕೆ ಬಂತು. ಕಾಲು ನನ್ನನ್ನು ಕೇಳದೆ ಬೀಳತೊಡಗಿತು. ತೋಟದೊಳಗಿನಿಂದ ಹಸಿ ತೆಂಗಿನ ಸಿಪ್ಪೆಯ ವಾಸನೆ ಬರುತ್ತಿತ್ತು. ಕಿವಿಯಲ್ಲಿ ಗಾಳಿ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ. ರಸ್ತೆ ಬದಿಯ ಮೋರಿಯ ಮೇಲೆ ಕೂತಾಗ ನಾನು ನಗುತ್ತಿದ್ದೆ. ಮದುವೆಯಾದ ಮೇಲೆ ಅಷ್ಟು ಹೊತ್ತು ಯಾರ ಮಾತೂ ಇಲ್ಲದೆ ಕಳೆದದ್ದು ಅದೇ ಮೊದಲು.

ಮಾರನೆಯ ದಿನವೂ ಓಡಿದೆ. ಶಾಲೆಯ ಡ್ರಿಲ್ಲಿಗೆಂದು ಕೊಂಡಿದ್ದ ಬಿಳಿ ಕ್ಯಾನ್ವಾಸ್ ಶೂ ಇತ್ತು. ಸೀರೆಯದೇ ಪೀಕಲಾಟ. ಅದಕ್ಕೆ ದಾರಿ ತೋರಿಸಿದವರು ನನ್ನ ಅತ್ತೆ. ಅಜ್ಜಂಪುರದ ಕಡೆಯ ಹೊಲಗೆಲಸದ ಮನೆಯವರು, ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆಅಡಿಕೆ. ಅವರಿಂದ ಬೈಗುಳ ನಿರೀಕ್ಷಿಸಿದ್ದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹಿಂಗೆ ನೆರಿಗೆ ಬಿಟ್ಕಂಡು ಓಡಿದ್ರೆ ಮುಗ್ಗರಿಸಿ ಬೀಳ್ತೀಯ ಕಣೇ. ಹೊಲಕ್ಕೆ ಇಳ್ದಾಗ ನಾವೇನು ಹಿಂಗೆ ಇಳೀತಿದ್ವಾ?" ಎಂದು ಹಳೆಯ ನೂಲಿನ ಸೀರೆಯನ್ನು ಕಚ್ಚೆ ಹಾಕಿ ಬಿಗಿಯಾಗಿ ಉಡಿಸಿದರು.

ನನ್ನ ಗಂಡ ಮಾತ್ರ ಹಲ್ಲುಜ್ಜುತ್ತಾ ನಿಂತಲ್ಲೇ ನಿಂತುಬಿಟ್ಟರು. "ಜನ ಕೇಳ್ತಾರೆ ಕಣೇ, ಏನಂತ ಹೇಳ್ಲಿ?"

"ಓಡ್ತಾಳೆ ಅಂತ ಹೇಳೋ," ಎಂದರು ಅತ್ತೆ. "ಮನೇಲಿ ಕೂತ್ಕಂಡು ನನ್ ತಲೆ ತಿನ್ನಾದಕ್ಕಿಂತ ವಾಸಿ."

ಜನ ಕೇಳಿಯೇ ಕೇಳಿದರು. ಕಡೂರಿನ ಜನರ ಕಲ್ಪನೆಯಲ್ಲಿ ಒಬ್ಬ ಹೆಂಗಸು ರಸ್ತೆಯಲ್ಲಿ ಓಡುತ್ತಿದ್ದಾಳೆ ಎಂದರೆ ಮನೆಯಲ್ಲಿ ಯಾರೋ ಸತ್ತಿರಬೇಕು, ಇಲ್ಲ ಗಂಡ ಹೊಡೆಯಲು ಬಂದಿರಬೇಕು. ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲಿನವನು ಪಕ್ಕದಲ್ಲೇ ಬರುತ್ತಾ, "ಯಾರಿಗೇನಾಯ್ತಕ್ಕಾ? ಆಸ್ಪತ್ರೆಗೆ ನಾನೇ ಹೋಗಿ ಹೇಳ್ತೀನಿ" ಎಂದ. ಸಖರಾಯಪಟ್ಟಣದ ಕಡೆಯಿಂದ ಬರುವ ಮೊದಲ ಬಸ್ಸಿನ ಡ್ರೈವರು ನನ್ನನ್ನು ಕಂಡೊಡನೆ ಬ್ರೇಕು ಹಾಕುತ್ತಿದ್ದ. ಕಂಡಕ್ಟರು ಬಾಗಿಲು ತೆರೆದು, "ಹತ್ತಮ್ಮ, ಬೇಗ ಹತ್ತು" ಎನ್ನುತ್ತಿದ್ದ. ಬೇಡ ಎಂದರೆ ಬಸ್ಸಿನೊಳಗೆ ಕೂತ ಅಷ್ಟೂ ತಲೆಗಳು ಕಿಟಕಿಗೆ ಬರುತ್ತಿದ್ದವು. ಒಂದು ವಾರ ಹೀಗಾದ ಮೇಲೆ ಬಸ್ಸು ನಿಲ್ಲಿಸುವುದನ್ನು ಬಿಟ್ಟರು, ಆದರೆ ಹಾರ್ನ್ ಹೊಡೆದು ಹಲ್ಲು ಬಿಡುವುದನ್ನು ಬಿಡಲಿಲ್ಲ. ಮೈಮೇಲೆ ಏನೋ ಬರುತ್ತದಂತೆ ಎಂದು ಮಿಲ್ಲಿನ ಸಾಹುಕಾರರ ಹೆಂಡತಿ ಹಬ್ಬಿಸಿದ್ದಳು. ಅದರಿಂದ ಒಂದು ಉಪಕಾರವಾಯಿತು. ಬೀದಿಯಲ್ಲಿ ನಿಂತು ಶಿಳ್ಳೆ ಹಾಕುತ್ತಿದ್ದ ಪಡ್ಡೆಗಳು ನನ್ನನ್ನು ಕಂಡರೆ ದಾರಿ ಬಿಡತೊಡಗಿದರು.

ಹೆಡ್ ಮಾಸ್ಟರು ಆಫೀಸ್ ರೂಮಿಗೆ ಕರೆಸಿದರು. ಪಕ್ಕದಲ್ಲಿ ಡ್ರಿಲ್ ಮಾಸ್ಟರು. ಕೊರಳಿನಲ್ಲಿ ಸೀಟಿ ನೇತುಹಾಕಿಕೊಂಡಿರುವುದನ್ನೇ ವ್ಯಾಯಾಮ ಎಂದುಕೊಂಡಿದ್ದ ಮನುಷ್ಯ. ಅವರು ಓಡಿದ್ದನ್ನು ನಾನು ನೋಡಿದ್ದು ಒಂದೇ ಸಲ, ಮೈದಾನಕ್ಕೆ ನುಗ್ಗಿದ ಗೂಳಿಯ ಮುಂದೆ.

"ಮೇಡಂ, ನೀವು ಬೆಳಿಗ್ಗೆ ಓಡ್ತೀರಂತೆ?"

"ಹೌದು ಸಾರ್."

"ಯಾಕೆ?"

"ಖುಷಿಗೆ."

ಆ ಕೋಣೆಯಲ್ಲಿ ಆ ಪದವನ್ನು ಅದುವರೆಗೆ ಯಾರೂ ಬಳಸಿರಲಿಲ್ಲವೆಂದು ಕಾಣುತ್ತದೆ. ಹೆಡ್ ಮಾಸ್ಟರು ಡ್ರಿಲ್ ಮಾಸ್ಟರ ಮುಖ ನೋಡಿದರು. ಡ್ರಿಲ್ ಮಾಸ್ಟರು ಗಂಟಲು ಸರಿಮಾಡಿಕೊಂಡು, "ಹೆಂಗಸ್ರು ಅಷ್ಟು ದೂರ ಓಡಿದ್ರೆ ಗರ್ಭಕೋಶ ಜಾರುತ್ತೆ ಮೇಡಂ. ಸೈನ್ಸಲ್ಲೇ ಇದೆ" ಎಂದರು.

"ಯಾವ ಕ್ಲಾಸಿನ ಸೈನ್ಸಲ್ಲಿ ಸಾರ್? ಹೇಳಿದ್ರೆ ಮಕ್ಕಳಿಗೂ ಓದಿಸ್ಬಹುದು."

ಹೆಡ್ ಮಾಸ್ಟರು ಮೇಜಿನ ಮೇಲಿನ ಪೇಪರ್ ವೆಯ್ಟನ್ನು ತಿರುಗಿಸುತ್ತಾ ಕೂತರು. ಪೋಷಕರು ಏನೆಂದುಕೊಳ್ಳುತ್ತಾರೆ ಎಂದರು. ದೂರು ಬಂದಿದೆಯೇ ಎಂದು ಕೇಳಿದೆ. ಇನ್ನೂ ಬಂದಿಲ್ಲ ಎಂದರು. ಬಂದಾಗ ಉತ್ತರ ಕೊಡುತ್ತೇನೆ ಎಂದು ಕ್ಲಾಸಿಗೆ ಹೋದೆ. ಮಹಡಿ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದ್ದು, ಅವರು ನೋಡಲಿ ಎಂದೇ.

ಹೀಗೆ ಒಂದೆರಡು ವರ್ಷ ಕಳೆದವು. ಅಷ್ಟರಲ್ಲಿ ಊರಿನ ಗಣ್ಯರು ಸೇರಿ ಒಂದು ಕ್ರೀಡಾ ಸಮಿತಿ ಮಾಡಿಕೊಂಡರು. ಎಣ್ಣೆ ಮಿಲ್ಲಿನ ಸಾಹುಕಾರರೇ ಅಧ್ಯಕ್ಷರು. ಕುರ್ಚಿಯಿಂದ ಏಳಬೇಕಾದರೆ ಇಬ್ಬರ ಭುಜ ಬೇಕಾಗುತ್ತಿದ್ದ ಆ ದೇಹಕ್ಕೆ ಕ್ರೀಡೆಯ ಜವಾಬ್ದಾರಿ ವಹಿಸಿದ್ದು ಕಡೂರಿಗೆ ತಕ್ಕುದಾಗಿಯೇ ಇತ್ತು. ರಾಜ್ಯೋತ್ಸವಕ್ಕೆ ಬೀರೂರಿನಿಂದ ಕಡೂರಿಗೆ ರಸ್ತೆ ಓಟ ಎಂದು ಗೋಡೆಗಳ ಮೇಲೆ ಪೋಸ್ಟರು ಬಿತ್ತು. ನಾನು ಹೆಸರು ಕೊಡಲು ಹೋದೆ.

ಸಾಹುಕಾರರು ಅಂಗಡಿಯ ದಿಂಬಿಗೆ ಒರಗಿ ಕೂತಿದ್ದರು. "ಲೇಡೀಸ್ಗೆ ಇದೆಯಲ್ಲಾ ಮೇಡಂ, ನಿಂಬೆಹಣ್ಣು-ಚಮಚ, ಮ್ಯೂಸಿಕಲ್ ಚೇರು, ರಂಗೋಲಿ. ಯಾವ್ದಕ್ಕೆ ಬರ್ಕೊಳ್ಲಿ?"

"ಬಾಯಲ್ಲಿ ಚಮಚ ಕಚ್ಕೊಂಡು ಬೀರೂರಿಂದ ಬರ್ಬೇಕೋ, ಹೆಂಗೆ?" ಎಂದು ಕೇಳಿದೆ. ಅವರಿಗೆ ಅರ್ಥವಾಗಲಿಲ್ಲ. ಪಕ್ಕದಲ್ಲಿದ್ದ ಡ್ರಿಲ್ ಮಾಸ್ಟರಿಗೆ ಅರ್ಥವಾಯಿತು, ಆದರೆ ನಗುವ ಧೈರ್ಯವಿರಲಿಲ್ಲ. ಆ ವರ್ಷ ಓಟದ ದಿನ ನಾನು ಮನೆಯಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದೆ.

ಮರುವರ್ಷ ಅದೇ ಸಾಹುಕಾರರು ನಮ್ಮ ಮನೆಯ ಬಾಗಿಲಿಗೆ ಬಂದರು. ಸಮಾರಂಭಕ್ಕೆ ಜಿಲ್ಲೆಯ ಒಬ್ಬ ದೊಡ್ಡ ಅಧಿಕಾರಿ ಬರುವವರಿದ್ದರು, ಆಕೆ ಹೆಂಗಸು. ಮಹಿಳೆಯರ ಓಟ ಯಾಕಿಲ್ಲ ಎಂದು ಆಕೆ ಕೇಳಿದರಂತೆ. ತಕ್ಷಣ ಸಮಿತಿಗೆ ಮಹಿಳೆಯರ ಮೇಲೆ ಗೌರವ ಉಕ್ಕಿತ್ತು. ಬಸ್ ಸ್ಟ್ಯಾಂಡಿನಿಂದ ಶಾಲೆಯ ಮೈದಾನದವರೆಗೆ ಓಡಿದರೆ ಸಾಕು ಎಂದರು. ಗಂಡಸರಷ್ಟೇ ದೂರ ಇದ್ದರೆ ಬರುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದೆ. ಅವರು ಅತ್ತೆಯ ಕಡೆಗೆ ತಿರುಗಿ, "ನೀವಾದ್ರೂ ಹೇಳೀಮ್ಮಾ" ಎಂದರು. ಅತ್ತೆ ಅಂಗಳಕ್ಕೆ ಎಲೆಅಡಿಕೆ ಉಗಿದು ಬಂದು, "ಅವ್ಳು ಹೇಳಿದ್ದೇ ನಾನೂ ಹೇಳೋದು ಕಣಪ್ಪಾ" ಎಂದರು.

ಸಾಹುಕಾರರು ಒಪ್ಪಲೇಬೇಕಾಯಿತು. ಆದರೆ ಒಬ್ಬಳೇ ಓಡಿದರೆ ಓಟವಾಗುವುದಿಲ್ಲವಲ್ಲ. ಸಮಿತಿಯವರು ಸುಲಭದ ದಾರಿ ಹುಡುಕಿದರು, ವಾಕಿಂಗ್ ಗುಂಪಿನ ಹೆಂಗಸರ ಹೆಸರನ್ನೆಲ್ಲ ಅವರವರ ಗಂಡಂದಿರೇ ಬರೆಸಿದರು. ಕಾಲೇಜಿನ ಕೆಲವು ಹುಡುಗಿಯರನ್ನೂ ಸೇರಿಸಿದರು. ಓಟದ ಬೆಳಿಗ್ಗೆ ಇಂಜಿನಿಯರ ಹೆಂಡತಿಗೆ ಜ್ವರ, ಮ್ಯಾನೇಜರ ಹೆಂಡತಿಗೆ ಹೊಟ್ಟೆನೋವು, ಸಾಹುಕಾರರ ಹೆಂಡತಿಗೆ ದೂರದ ನೆಂಟರೊಬ್ಬರು ತೀರಿಕೊಂಡ ಸುದ್ದಿ. ಬೀರೂರಿನಲ್ಲಿ ಓಟ ಹೊರಡುವ ಜಾಗಕ್ಕೆ ಬಂದವರು ಅಮ್ಮೋರು ಒಬ್ಬರೇ. ಮಗನ ಕ್ಯಾನ್ವಾಸ್ ಶೂ ಹಾಕಿಕೊಂಡಿದ್ದರು. ಇಸ್ತ್ರಿ ಮಾಡಿದ ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಯಾರ ಮುಖವನ್ನೂ ನೋಡದೆ ಬದಿಗೆ ನಿಂತಿದ್ದರು. ಫೋಟೋಕ್ಕೆ ನಿಂತು ಜೀಪಿನಲ್ಲಿ ಹೋಗುತ್ತಾರೆ ಎಂದುಕೊಂಡೆ. ಜೀಪೂ ಅಲ್ಲೇ ಹಿಂದೆ ನಿಂತಿತ್ತು.

ಬೆಳಿಗ್ಗೆ ಹೊರಡಬೇಕಿದ್ದ ಓಟ ಹೊರಟದ್ದು ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ. ಬಾವುಟ ಬೀಸಬೇಕಿದ್ದ ಗಣ್ಯರು ತಿಂಡಿ ಮುಗಿಸಿರಲಿಲ್ಲ. ನನ್ನ ಗಂಡ ಸ್ಟೇಷನ್ನಿನಿಂದ ಒಂದು ಲೋಟ ನಿಂಬೆ ಪಾನಕ ತಂದು, ಯಾರಾದರೂ ನೋಡಿಬಿಟ್ಟಾರೆಂದು ಲೈಟ್ ಕಂಬದ ಮರೆಯಲ್ಲಿ ನಿಂತು ಕೈಸನ್ನೆ ಮಾಡಿ ಕರೆದರು. ಕುಡಿದು ಲೋಟ ವಾಪಸು ಕೊಟ್ಟೆ. "ನಿಧಾನಕ್ಕೆ ಹೋಗೇ" ಎಂದರು. ಅವರ ಮಟ್ಟಿಗೆ ಅದು ದೊಡ್ಡ ಭಾಷಣ.

ಗಂಡಸರು ಹೋದ ಸ್ವಲ್ಪ ಹೊತ್ತಿಗೆ ನಮ್ಮನ್ನು ಬಿಟ್ಟರು. ಕಾಲೇಜಿನ ಹುಡುಗಿಯರು ಬಾಣದ ಹಾಗೆ ನುಗ್ಗಿದರು, ಬೀರೂರು ದಾಟುವ ಮೊದಲೇ ಮರದ ನೆರಳಿನಲ್ಲಿ ಕೂತಿದ್ದರು. ಸಮಿತಿಯ ವ್ಯಾನು ಬಂದು ಅವರನ್ನು ಹತ್ತಿಸಿಕೊಂಡು ಹೋಯಿತು. ಮುಂದೆ ನಾನೊಬ್ಬಳೇ. ಒಂದು ಕಡೆ ರೈಲು ಹಳಿ, ಇನ್ನೊಂದು ಕಡೆ ರಾಗಿ ಹೊಲ. ಟಾರು ಕಾದು ಶೂ ಒಳಗೆ ಕಾಲು ಸುಡುತ್ತಿತ್ತು. ಆದರೂ ಉಸಿರು ಹದಕ್ಕೆ ಬಂದಿತ್ತು, ಮೈ ಹಗುರಾಗಿತ್ತು. ಗೆಲ್ಲುವುದು ಖಂಡಿತ ಎಂದುಕೊಂಡು ಒಮ್ಮೆ ಹಿಂದೆ ತಿರುಗಿ ನೋಡಿದೆ.

ದೂರದಲ್ಲಿ ಅಮ್ಮೋರು ಬರುತ್ತಿದ್ದರು. ಓಡುತ್ತಿದ್ದರೋ ಉರುಳುತ್ತಿದ್ದರೋ ಹೇಳಲಾಗದು, ನಿಂತಿರಲಿಲ್ಲ. ಅವರ ಹಿಂದೆಯೇ, ಹಸುವಿನ ಹಿಂದೆ ಕರು ಬಂದಂತೆ ಜೀಪು. ನೋಡುತ್ತಿದ್ದಂತೆ ಅವರು ರಸ್ತೆ ಬದಿಗೆ ಹೋಗಿ ಬಗ್ಗಿ ವಾಂತಿ ಮಾಡಿದರು. ಡ್ರೈವರು ಜೀಪಿನಿಂದ ಹಾರಿ ಇಳಿದ. ನಾನೂ ವಾಪಸು ನಡೆದೆ. ಕರುಣೆಯಿಂದಲ್ಲ. ಅವರಿಗೇನಾದರೂ ಆದರೆ ನನ್ನಿಂದಲೇ ಆಯಿತೆಂದು ಊರು ಹೇಳುತ್ತದೆ ಎನ್ನುವುದು ಗೊತ್ತಿತ್ತು.

"ಹತ್ತಿ ಅಮ್ಮೋರೇ, ಕೈ ಮುಗೀತೀನಿ. ಸಾಹೇಬ್ರು ನನ್ನ ಬೈತಾರೆ," ಎನ್ನುತ್ತಿದ್ದ ಡ್ರೈವರು.

ಅಮ್ಮೋರು ಸೆರಗಿನಿಂದ ಬಾಯಿ ಒರೆಸಿಕೊಂಡರು. ಮುಖ ಕೆಂಡದ ಹಾಗಾಗಿತ್ತು, ಕುಂಕುಮ ಮೂಗಿನವರೆಗೆ ಇಳಿದಿತ್ತು. "ಜೀಪು ತಗೊಂಡು ಹೋಗು. ಸಾಹೇಬ್ರು ಕೇಳಿದ್ರೆ, ಅಮ್ಮೋರು ಓಡ್ತಾ ಇದಾರೆ ಅಂತ ಹೇಳು."

"ಅಮ್ಮೋರೇ..."

"ಹೋಗೋ ಅಂದ್ರೆ!"

ಡ್ರೈವರು ನನ್ನ ಮುಖ ನೋಡಿದ. ನಾನು ಭುಜ ಹಾರಿಸಿದೆ. ಜೀಪು ಧೂಳೆಬ್ಬಿಸಿಕೊಂಡು ಹೋಯಿತು. ಅಮ್ಮೋರು ಅದು ಕಾಣದಾಗುವವರೆಗೂ ನೋಡುತ್ತಾ ನಿಂತರು.

"ಮದುವೆ ಆದಾಗಿಂದ ಇದೇ ಕಣ್ರೀ," ಎಂದರು. "ಒಂದೂರಿಂದ ಇನ್ನೊಂದೂರಿಗೆ ಹೋಗೋದು, ಜೀಪು. ದೇವಸ್ಥಾನಕ್ಕೆ ಹೋಗೋದು, ಜೀಪು. ನೀವು ಅವತ್ತು ನಮ್ಮನ್ನ ಬಿಟ್ಟು ಓಡಿದ್ರಲ್ಲ, ಮನೆಗೆ ಹೋಗಿ ಎಷ್ಟು ಅತ್ತೆ ಗೊತ್ತಾ? ಅವಮಾನ ಆಯ್ತು ಅಂತ ಅಲ್ಲ. ನಂಗ್ಯಾಕೆ ಹಾಗೆ ಓಡಕ್ಕಾಗಲ್ಲ ಅಂತ. ನೀವು ಹೋಗ್ರೀ, ಗೆಲ್ರೀ. ನಾನು ಹೆಂಗೋ ಬರ್ತೀನಿ."

ಹೋಗಬಹುದಿತ್ತು. ಹೋಗಲಿಲ್ಲ. "ಅಷ್ಟು ಜೋರಾಗಿ ಕಾಲು ಬಡೀಬೇಡಿ, ಕೈ ಸಡಿಲ ಬಿಡಿ," ಎಂದೆ. ಇಬ್ಬರೂ ಜೊತೆಗೆ ಹೊರಟೆವು. ಸ್ವಲ್ಪ ದೂರ ಓಟ, ಸ್ವಲ್ಪ ದೂರ ನಡಿಗೆ. ಅಮ್ಮೋರಿಗೆ ಉಸಿರು ಸಿಕ್ಕಿದ ಮರುಕ್ಷಣವೇ ಬಾಯಿ ತೆರೆಯಿತು. ಮ್ಯಾನೇಜರ ಹೆಂಡತಿಯ ಹೊಟ್ಟೆನೋವು ಸುಳ್ಳೆಂದೂ, ಸಾಹುಕಾರರ ಹೆಂಡತಿಯ ನೆಂಟರು ಸತ್ತು ಬಹಳ ವರ್ಷಗಳಾಗಿವೆಯೆಂದೂ ತಿಳಿಯಿತು. ನಾನು ಯಾವ ಮಾತಿನಿಂದ ತಪ್ಪಿಸಿಕೊಳ್ಳಲು ಓಡಲು ಶುರುಮಾಡಿದ್ದೆನೋ ಅದೇ ಮಾತು ನನ್ನ ಪಕ್ಕದಲ್ಲೇ ಓಡಿ ಬರುತ್ತಿತ್ತು. ಆದರೆ ಓಡುವವರ ಬಾಯಲ್ಲಿ ಚಾಡಿಯೂ ತುಂಡುತುಂಡಾಗಿ ಬರುತ್ತದೆ, ಅಷ್ಟು ಕೆಟ್ಟದಾಗಿ ಕೇಳಿಸುವುದಿಲ್ಲ. ಪ್ಯಾಸೆಂಜರ್ ರೈಲೊಂದು ಪಕ್ಕದಲ್ಲಿ ಹೊಗೆ ಬಿಡುತ್ತಾ ಹೋಯಿತು. ಕಿಟಕಿಗಳಿಂದ ಜನ ಕೂಗಿದರು, ಯಾವನೋ ಕಡಲೆಕಾಯಿ ಸಿಪ್ಪೆ ಎಸೆದ. ಅಮ್ಮೋರು ನಿಂತು, ಸೊಂಟಕ್ಕೆ ಕೈಯಿಟ್ಟು, ಆ ರೈಲಿಗೆ ಒಂದು ಮಾತು ಬೈದರು. ತಹಸೀಲ್ದಾರರ ಹೆಂಡತಿಗೆ ಆ ಮಾತು ಗೊತ್ತಿದೆಯೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ನಗು ತಡೆಯಲಾಗದೆ ನಾನು ರಸ್ತೆಯಲ್ಲೇ ಕುಕ್ಕರಗಾಲಿನಲ್ಲಿ ಕೂತೆ. ಅವರೂ ಕೂತರು.

ಕಡೂರಿನ ಮೈದಾನಕ್ಕೆ ತಲುಪಿದಾಗ ಸಮಾರಂಭ ಮುಗಿದಿತ್ತು. ಆಳುಗಳು ಕುರ್ಚಿ ಮಡಚುತ್ತಿದ್ದರು, ಮೈಕಿನವನು ವೈರು ಸುತ್ತುತ್ತಿದ್ದ. ಜಿಲ್ಲೆಯ ಅಧಿಕಾರಿ ಬೇರೆ ಕಾರ್ಯಕ್ರಮಕ್ಕೆ ಹೊರಟುಹೋಗಿದ್ದರು. ಮಹಿಳೆಯರ ಓಟದ ಕಪ್ಪನ್ನು ಆಕೆಯ ಕೈಯಿಂದ ಯಾರಿಗಾದರೂ ಕೊಡಿಸಲೇಬೇಕಿತ್ತಲ್ಲ, ವ್ಯಾನಿನಿಂದ ಇಳಿದ ಹುಡುಗಿಯೊಬ್ಬಳಿಗೆ ಕೊಡಿಸಿದ್ದರು. ಫೋಟೋ ಕೂಡ ತೆಗೆಸಿಯಾಗಿತ್ತು. ಆ ಹುಡುಗಿ ಸಾಹುಕಾರರ ಅಣ್ಣನ ಮಗಳು.

ಸಾಹುಕಾರರು ಅಮ್ಮೋರನ್ನು ಕಂಡು ಬಿಳಿಚಿಕೊಂಡರು. "ಗೆಸ್ಟಿಗೆ ಟೈಮಿರ್ಲಿಲ್ಲ ಅಮ್ಮೋರೇ. ನೀವು ಜೀಪಲ್ಲಿ ಮನೆಗೆ ಹೋಗಿರ್ತೀರಿ ಅಂದ್ಕೊಂಡ್ವಿ. ನಿಮ್ಗೆ ಬೇರೆ ಕಪ್ಪು ತರಿಸಿಕೊಡ್ತೀವಿ, ಇದಕ್ಕಿಂತ ದೊಡ್ಡದು."

ಅಮ್ಮೋರು ವೇದಿಕೆಯ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು ಶೂ ಬಿಚ್ಚುತ್ತಿದ್ದರು. ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು ಒಡೆದಿತ್ತು. ಅದನ್ನೇ ಆಸೆಯಿಂದ ನೋಡಿಕೊಳ್ಳುತ್ತಾ, "ಕಪ್ಪು ನೀವೇ ಇಟ್ಕೊಳ್ಳಿ ಸಾಹುಕಾರ್ರೇ. ಒಂದು ಚೊಂಬು ನೀರು ತರ್ಸಿ" ಎಂದರು. ಜೀವನದಲ್ಲಿ ನಾನು ಹಲವು ಬಹುಮಾನ ವಿತರಣೆಗಳಿಗೆ ಕೂತಿದ್ದೇನೆ, ಅಷ್ಟು ತೃಪ್ತಿಯಾದ ಮುಖವನ್ನು ಇನ್ನೆಲ್ಲೂ ಕಂಡಿಲ್ಲ. ನೀರು ತರಲು ಹೇಳಿ ಹೋದ ಸಾಹುಕಾರರು ಮತ್ತೆ ಬರಲಿಲ್ಲ. ಮೈಕಿನವನೇ ತಂದುಕೊಟ್ಟ.

ಆಮೇಲೆ ಅಮ್ಮೋರು ವರ್ಗವಾಗಿ ಹೋಗುವವರೆಗೂ ನನ್ನ ಜೊತೆ ಓಡಿದರು. ತಹಸೀಲ್ದಾರರು ಮೊದಮೊದಲು ಮುನಿಸಿಕೊಂಡರಂತೆ, ಊಟ ಬಿಟ್ಟರಂತೆ. ಒಂದು ಹೊತ್ತು ಬಿಟ್ಟು ನೋಡಿದ ಮೇಲೆ ಮತ್ತೆ ಊಟಕ್ಕೆ ಕೂತರಂತೆ. ನಾವು ಗೆಳತಿಯರಾದೆವು ಎಂದು ಹೇಳಲಾರೆ. ಅವರ ಮಾತು ಕಡಿಮೆಯಾಗಲಿಲ್ಲ, ನನ್ನ ಅಸಹನೆಯೂ ಕಡಿಮೆಯಾಗಲಿಲ್ಲ. ಬೇರೆ ಜಿಲ್ಲೆಗೆ ಹೋದ ಮೇಲೆ ಹಬ್ಬಕ್ಕೊಂದು ಕಾರ್ಡು ಬರೆಯುತ್ತಿದ್ದರು, ಅಲ್ಲಿನ ರಸ್ತೆಗಳಲ್ಲಿ ನಾಯಿ ಹೆಚ್ಚು ಎಂದು. ಕಡೂರಿನ ಸಮಿತಿ ಮಹಿಳೆಯರ ಓಟವನ್ನು ಮರುವರ್ಷವೇ ಕೈಬಿಟ್ಟಿತು. ರಂಗೋಲಿ ಮುಂದುವರಿಯಿತು.

ಎಂಬತ್ತರ ದಶಕದ ನಡುವೆ ನನಗೆ ತರೀಕೆರೆಗೆ ವರ್ಗವಾಯಿತು. ಅತ್ತೆ ಆ ಹೊತ್ತಿಗೆ ಅಜ್ಜಂಪುರದಲ್ಲಿ ದೊಡ್ಡ ಮಗನ ಮನೆಯಲ್ಲಿದ್ದರು. ಒಂದು ಭಾನುವಾರ ಅವರನ್ನು ನೋಡಿಬರೋಣ ಎನ್ನಿಸಿತು. ಬೆಳಗಿನ ಜಾವ ಎದ್ದು ಅಜ್ಜಂಪುರದ ರಸ್ತೆ ಹಿಡಿದು ಓಡಿದೆ. ಅಷ್ಟು ದೂರ ಅದಕ್ಕೆ ಮೊದಲು ಓಡಿರಲಿಲ್ಲ, ಆಮೇಲೂ ಓಡಲಿಲ್ಲ. ಬಿಸಿಲೇರಿದಂತೆ ಕಾಲು ಕಲ್ಲಾಗಿ, ಆಮೇಲೆ ಕಾಲಿದೆ ಎನ್ನುವುದೇ ಮರೆತುಹೋಗಿ, ಕೆಂಪು ನೆಲ ಮುಗಿದು ಕಪ್ಪು ಎರೆ ಭೂಮಿ ಶುರುವಾದದ್ದು ಮಾತ್ರ ಕಂಡಿತು. ಕಿತ್ತ ಈರುಳ್ಳಿಯ ಘಾಟು ಗಾಳಿಯಲ್ಲಿ ಬಂತು. ಹೊಲದಲ್ಲಿದ್ದವರು ತಲೆಯೆತ್ತಿ ನೋಡಿ ಮತ್ತೆ ಬಗ್ಗಿದರು. ಒಬ್ಬರೂ ಏನೂ ಕೇಳಲಿಲ್ಲ. ಅಂಥ ಸುಖವನ್ನು ನಾನು ಯಾವ ತೀರ್ಥಕ್ಷೇತ್ರದಲ್ಲೂ ಕಂಡಿಲ್ಲ.

ಅತ್ತೆ ಜಗಲಿಯಲ್ಲಿ ಕೂತು ಈರುಳ್ಳಿ ಬಿಡಿಸುತ್ತಿದ್ದರು. ಬೆವರಿನಲ್ಲಿ ತೊಯ್ದು ನಿಂತ ನನ್ನನ್ನು ನೋಡಿದರು, ರಸ್ತೆಯನ್ನು ನೋಡಿದರು. "ತರೀಕೆರೆಯಿಂದ್ಲೇನೇ?"

"ಹೂಂ, ಅತ್ತೆ."

"ಮಕ್ಳಿಗೆ ತಿಂಡಿ ಯಾರು ಮಾಡಿದ್ರು?"

"ನಿಮ್ಮ ಮಗ."

ಅತ್ತೆ ಕೈಲಿದ್ದ ಈರುಳ್ಳಿ ಕೆಳಗಿಟ್ಟು ಬಹಳ ಹೊತ್ತು ನಕ್ಕರು. ಆಮೇಲೆ ಎದ್ದು ಒಳಗೆ ಹೋಗಿ ಚೊಂಬಿನಲ್ಲಿ ಉಪ್ಪು ಹಾಕಿದ ಮಜ್ಜಿಗೆ ತಂದುಕೊಟ್ಟರು. ನಿಂತೇ ಕುಡಿದೆ, ಗಲ್ಲದಿಂದ ಇಳಿದು ರವಿಕೆ ಒದ್ದೆಯಾಯಿತು. ರೊಟ್ಟಿ, ಎಣಗಾಯಿ ತಿಂದು ನಡುಮನೆಯ ತಣ್ಣನೆ ನೆಲದ ಮೇಲೆ ಹಾಗೇ ಉರುಳಿಕೊಂಡೆ. ಸಂಜೆ ಅತ್ತೆ ಬಂದು ಎಬ್ಬಿಸುವವರೆಗೆ ಎಚ್ಚರವೇ ಆಗಲಿಲ್ಲ.